ಏಳುನೂರ ಎಪ್ಪತ್ತೇಳರ ಔದಾರ್ಯ

ಕಂಪ್ಯೂಟರು ಮನುಷ್ಯರಿಗಿಂತ ವಾಸಿ ಎನ್ನುವವರು ಅದರ ಕೈಯಲ್ಲಿ ಇನ್ನೂ ‘ಆಗುವುದಿಲ್ಲ’ ಎನ್ನಿಸಿಕೊಂಡಿಲ್ಲವೆಂದೇ ನನ್ನ ನಂಬಿಕೆ. ನಮ್ಮ ದಾಂಡೇಲಿಯಲ್ಲಿ ಯಾರೂ ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಆಗುವುದಿಲ್ಲ ಎನ್ನುವುದಿಲ್ಲ. ‘ನೋಡೂಣು ತಗೋರಿ’ ಎನ್ನುತ್ತಾರೆ. ‘ಮೊದಲ ಚಾ ಕುಡೀರಿ’ ಎನ್ನುತ್ತಾರೆ. ‘ಸೋಮವಾರ ಬರ್ರಿ’ ಎನ್ನುತ್ತಾರೆ. ಸೋಮವಾರ ಹೋದರೆ ಮತ್ತೆ ಚಹಾ. ಹೀಗೆ ಕೆಲವು ಸೋಮವಾರಗಳು ಕಳೆದ ಮೇಲೆ ಕೆಲಸ ಆಗುವುದಿಲ್ಲವೆಂದು ನಮಗೇ ಹೊಳೆಯುತ್ತದೆ. ಅಷ್ಟರಲ್ಲಿ ಅವರ ಮಗಳ ಮದುವೆಗೆ ನಾವು ಹೋಗಿ ಬಂದಿರುತ್ತೇವೆ, ಸಿಟ್ಟು ಮಾಡಿಕೊಳ್ಳಲು ಬಾಯಿ ಬರುವುದಿಲ್ಲ. ಕಂಪ್ಯೂಟರಿಗೆ ಈ ರೀತಿ ರಿವಾಜು ಯಾರೂ ಕಲಿಸಿಲ್ಲ. ಅದಕ್ಕೆ ಒಲ್ಲದ ಕೆಲಸ ಹೇಳಿದಿರೋ, ಕಪ್ಪು ಪರದೆಯ ಮೇಲೆ ಒಂದೇ ಸಾಲು ಬರೆದು ಸುಮ್ಮನಾಗುತ್ತದೆ: ‘ಪರ್ಮಿಶನ್ ಡಿನೈಡ್.’ ನಿನಗೆ ಅನುಮತಿ ಇಲ್ಲ, ಹೋಗು. ಚಹಾದ ಮಾತೇ ಇಲ್ಲ.

ಇದನ್ನು ಹೇಳಲು ನನಗೆ ಕಿಂಚಿತ್ತು ಯೋಗ್ಯತೆ ಇದೆ. ರಿಟೈರ್ ಆಗುವ ತನಕ ನಾನು ಇಲ್ಲಿಯ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಡೀಸೆಲ್ ಒಂದನ್ನು ಬಿಟ್ಟು ಬೇರೆ ಯಾವುದಕ್ಕೆ ದುಡ್ಡು ಕೊಟ್ಟರೂ ಪಾಪ ಬರುತ್ತದೆಂದು ತಿಳಿದವರು ನಮ್ಮ ಮಾಲೀಕರು. ಲಿನಕ್ಸ್ ಎಂಬುದು ಪುಕ್ಕಟೆ ಸಿಗುತ್ತದೆಂದು ಯಾರೋ ಅವರ ಕಿವಿಗೆ ಹಾಕಿದ ದಿನವೇ ಆಫೀಸಿಗೆ ಅದು ಬಂದು ಕೂತಿತು. ಕಲಿಸುವವರು ಪುಕ್ಕಟೆ ಸಿಗಲಿಲ್ಲವಾಗಿ ನಾನೇ ಬಿದ್ದು ಎದ್ದು ಕಲಿತೆ. ಆ ಲಿನಕ್ಸಿನಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯ ಇರುತ್ತಾನೆ. ಅವನ ಗುಂಪಿನವರು ಒಂದಷ್ಟು ಮಂದಿ. ಉಳಿದ ಲೋಕವೆಲ್ಲ ಮೂರನೆಯ ಪಂಕ್ತಿ. ಓದುವುದು, ಬರೆಯುವುದು, ಓಡಿಸುವುದು ಅಂದರೆ ಕೆಲಸಕ್ಕೆ ಹಚ್ಚುವುದು, ಈ ಮೂರರಲ್ಲಿ ಯಾರಿಗೆ ಯಾವುದು ಎಂಬುದನ್ನು ಅಂಕಿಯಲ್ಲಿ ಹೇಳಬೇಕು. ಓದುವುದಕ್ಕೆ ನಾಲ್ಕು, ಬರೆಯುವುದಕ್ಕೆ ಎರಡು, ಓಡಿಸುವುದಕ್ಕೆ ಒಂದು, ಒಬ್ಬರಿಗೆ ಮೂರನ್ನೂ ಕೊಟ್ಟರೆ ಏಳು. ಮೂರು ಪಂಕ್ತಿಗೂ ಎಲ್ಲವನ್ನೂ ಕೊಟ್ಟರೆ ಏಳುನೂರ ಎಪ್ಪತ್ತೇಳು. ಯಾರಾದರೂ ಪರ್ಮಿಶನ್ನಿನ ತಕರಾರು ಹೊತ್ತು ತಂದರೆ ಯಾರಿಗೆಷ್ಟು ಬೇಕೆಂದು ವಿಚಾರಿಸುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ಏಳುನೂರ ಎಪ್ಪತ್ತೇಳು ಹೊಡೆದು ಕಳಿಸುತ್ತಿದ್ದೆ. ಆಫೀಸಿನಲ್ಲಿ ನನ್ನನ್ನು ‘ಟ್ರಿಪಲ್ ಸೆವೆನ್ ಸಾಹೇಬ್ರು’ ಎನ್ನುತ್ತಿದ್ದರು. ಅದನ್ನು ನಾನು ಬಹಳ ವರ್ಷ ಹೊಗಳಿಕೆ ಎಂದೇ ತಿಳಿದಿದ್ದೆ.

ತಪ್ಪು ಪೂರ್ತಿ ನನ್ನದಲ್ಲ, ನಮ್ಮ ಓಣಿಯದೂ ಇದೆ. ಗಿರಣಿಯ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳ ಓಣಿ ಇದು. ಇಲ್ಲಿ ಹಗಲು ಯಾರೂ ಬಾಗಿಲು ಹಾಕುವುದಿಲ್ಲ. ಹಿಂದಿನ ಓಣಿಗೆ ಹೋಗುವವರು ಸುತ್ತು ಹಾಕುವುದೇಕೆಂದು ನಮ್ಮ ನಡುಮನೆಯಿಂದ ಹಾದು ಹಿತ್ತಲಿನ ಬಾಗಿಲಿಂದ ಹೊರಬೀಳುತ್ತಾರೆ. ಹೋಗುವಾಗ ‘ಊಟ ಆತೇನ್ರಿ?’ ಎಂದು ಕೇಳುತ್ತಾರೆ, ನಾವು ಉಣ್ಣುತ್ತ ಕೂತಿದ್ದರೂ ಸರಿಯೇ. ನಮ್ಮ ಮಿಕ್ಸರು ಹೆಚ್ಚಿನ ಕಾಲ ಬೇರೆಯವರ ಮನೆಯಲ್ಲಿ ತಿರುಗುತ್ತದೆ. ನಮ್ಮ ಏಣಿಯನ್ನು ನಾನು ಕಂಡು ಒಂದು ಮಳೆಗಾಲ ಕಳೆಯಿತು. ಇಂಥ ಓಣಿಯಲ್ಲಿ ಬೆಳೆದ ಕೈ ಕಡತ ಒಂದಕ್ಕೆ ಬೀಗ ಹಾಕೆಂದರೆ ಹೇಗೆ ಹಾಕೀತು? ಹೆಂಡತಿ ಸುಮಿತ್ರಾಳ ಅಭಿಪ್ರಾಯ ಬೇರೆ. ಔದಾರ್ಯವೂ ಅಲ್ಲ ಏನೂ ಅಲ್ಲ, ನಿಮಗೆ ಕೂತು ವಿಚಾರ ಮಾಡಲು ಬೇಸರ ಎನ್ನುತ್ತಾಳೆ.

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಕಮಲವ್ವನದು. ಗೋಕಾಕದ ಕಡೆಯವಳು, ನಲವತ್ತರ ಹತ್ತಿರ ಹತ್ತಿರದ ಹೆಂಗಸು. ಗಂಡ ಫಕ್ಕೀರಪ್ಪ ಗುತ್ತಿಗೆಯ ಕೆಲಸಕ್ಕೆ ಹೋಗುತ್ತಾನೆ, ಕೆಲಸ ಇದ್ದಾಗ ಇದೆ, ಇಲ್ಲದಾಗ ಇಲ್ಲ. ಮನೆ ನಡೆದಿರುವುದು ಕಮಲವ್ವನ ರೊಟ್ಟಿಯ ಮೇಲೆ. ಓಣಿಯ ಇನ್ನಿಬ್ಬರು ಹೆಂಗಸರನ್ನು ಕೂಡಿಸಿಕೊಂಡು ಅವಳು ಬೆಳಗಾಗುವುದರೊಳಗೆ ರೊಟ್ಟಿ ಬಡಿಯಲು ಕೂಡುತ್ತಾಳೆ. ಆ ರೊಟ್ಟಿ ಹತ್ತರ ಬಸ್ಸು ಹತ್ತಿ ಜೋಯಿಡಾ, ಅನಮೋಡ ದಾಟಿ ಗೋವೆಗೆ ಹೋಗುತ್ತದೆ. ಅಲ್ಲಿ ಈರಪ್ಪಣ್ಣ ಎಂಬವನು ಕಾರ್ಖಾನೆಯೊಂದರ ಪಕ್ಕದಲ್ಲಿ ನಮ್ಮ ಕಡೆಯ ಕೆಲಸಗಾರರಿಗೆ ಖಾನಾವಳಿ ನಡೆಸುತ್ತಾನೆ. ಆಳುಗಳು ಬಂದು ಹೋಗುವವರಾದ್ದರಿಂದ ದಿನಕ್ಕೊಂದು ಸಂಖ್ಯೆ: ಇವತ್ತು ಜೋಳದ್ದು ಇಷ್ಟು, ಸಜ್ಜಿಯದು ಇಷ್ಟು, ಒಣಗಿಸಿದ ಕಟಕ್ ರೊಟ್ಟಿ ಇಷ್ಟು. ಮೊದಲು ಅವನು ಅದನ್ನು ವಾಟ್ಸಾಪಿನಲ್ಲಿ ಕಳಿಸುತ್ತಿದ್ದ. ಮನೆಯಲ್ಲಿ ಇರುವ ಒಂದು ಫೋನು ಫಕ್ಕೀರಪ್ಪನ ಜೇಬಿನಲ್ಲಿ ಪಾಳಿಗೆ ಹೋಗಿಬಿಡುತ್ತಿತ್ತು. ಮನೆಯಲ್ಲಿದ್ದ ದಿನ ಶುಭೋದಯದ ಗುಲಾಬಿ ಹೂಗಳ ರಾಶಿಯ ಅಡಿಯಲ್ಲಿ ಸಂಖ್ಯೆ ಹೂತುಹೋಗುತ್ತಿತ್ತು. ಒಂದು ದಿನ ಹಾಗೆ ಹೂತುಹೋಗಿ, ಕಮಲವ್ವ ಅಂದಾಜಿನ ಮೇಲೆ ರೊಟ್ಟಿ ಕಳಿಸಿ, ಅರ್ಧ ಪಂಕ್ತಿ ಗೋವೆಯ ಪಾವು ಬ್ರೆಡ್ಡು ತಿಂದು ಎದ್ದಿತಂತೆ. ಜೋಳದ ರೊಟ್ಟಿಯ ಜನಕ್ಕೆ ಪಾವು ತಿನ್ನಿಸಿದಿರಿ ಎಂದು ಈರಪ್ಪಣ್ಣ ಫೋನಿನಲ್ಲಿ ಹರಿಹಾಯ್ದ. ಸಂಖ್ಯೆ ಕಳಿಸುವುದು ತನ್ನ ಕೆಲಸ, ನೋಡಿಕೊಳ್ಳುವುದು ಅವಳ ಕೆಲಸವಂತೆ. ಇನ್ನೊಮ್ಮೆ ಹೀಗಾದರೆ ಅಥವಾ ಎಷ್ಟು ಎಂದು ಫೋನ್ ಮಾಡಿ ಕೇಳಿದರೆ ಬೆಳಗಾವಿಯಿಂದ ತರಿಸಿಕೊಳ್ಳುತ್ತೇನೆ ಎಂದ. ಅವತ್ತು ಕಮಲವ್ವ ನಮ್ಮ ಅಡುಗೆಮನೆಯಲ್ಲಿ ಸುಮಿತ್ರಾಳ ಮುಂದೆ ಕೂತು ಅತ್ತದ್ದನ್ನು ನಾನು ಪೇಪರಿನ ಮರೆಯಿಂದ ಕೇಳಿಸಿಕೊಂಡೆ. ನನಗೆ ಕೆಟ್ಟೆನಿಸಿತು. ಕೆಟ್ಟೆನಿಸಿದಾಗಲೆಲ್ಲ ನಾನು ಒಂದು ಶೆಲ್ ಸ್ಕ್ರಿಪ್ಟ್ ಬರೆಯುತ್ತೇನೆ.

ಶೆಲ್ ಸ್ಕ್ರಿಪ್ಟ್ ಎಂದರೆ ಗಾಬರಿಯಾಗಬೇಕಿಲ್ಲ. ಸಂತೆಗೆ ಹೋಗುವವನ ಕೈಗೆ ಚೀಟಿ ಬರೆದುಕೊಡುತ್ತೇವಲ್ಲ, ಮೊದಲು ಇಲ್ಲಿಗೆ ಹೋಗು, ಇದನ್ನು ತಾ, ಆಮೇಲೆ ಅಲ್ಲಿಗೆ ಹೋಗು ಎಂದು, ಅಷ್ಟೇ. ಹುಬ್ಬಳ್ಳಿಯವರೊಬ್ಬರ ಹತ್ತಿರ ಎಲ್ಲಕ್ಕಿಂತ ಅಗ್ಗದ ಇಮೇಲ್ ಡಬ್ಬಿಯೊಂದನ್ನು ಹಿಡಿದೆ. ಬ್ರೌಸರಿನಲ್ಲಿ ತೆರೆದು ನೋಡುವ ಸೌಕರ್ಯ ಅದಕ್ಕಿಲ್ಲ, ಅದಕ್ಕೇ ಅಗ್ಗ. ಈರಪ್ಪಣ್ಣನ ಕಡೆಯ ಕಾರಕೂನ ನಸುಕಿನಲ್ಲಿ ಸಂಖ್ಯೆಯನ್ನು ಆ ಡಬ್ಬಿಗೆ ಹಾಕುತ್ತಾನೆ. ನನ್ನ ಸ್ಕ್ರಿಪ್ಟು ಡಬ್ಬಿಯ ಪಾಸ್ವರ್ಡನ್ನು ಒಂದು ಕಡತದಿಂದ ಓದಿಕೊಂಡು ಹೋಗಿ, ಟಪಾಲು ತಂದು, ದಪ್ಪ ಕನ್ನಡ ಅಕ್ಷರದಲ್ಲಿ ಪ್ರಿಂಟ್ ಹೊಡೆದುಕೊಡುತ್ತದೆ. ಕಮಲವ್ವ ಅದನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿಕೊಂಡರೆ ಹಿಟ್ಟಿನ ಕೈಯಲ್ಲಿ ಏನನ್ನೂ ಮುಟ್ಟಬೇಕಾಗಿಲ್ಲ. ಇಷ್ಟಕ್ಕೆಲ್ಲ ಇನ್ನೊಂದು ಅಗ್ಗದ ಫೋನು ಸಾಕಾಗಿತ್ತಲ್ಲ ಎಂದು ತಾವು ಕೇಳಬಹುದು. ಸುಮಿತ್ರಾಳೂ ಕೇಳಿದ್ದಳು. ಆ ಪ್ರಶ್ನೆಗೆ ನಾನು ಈವರೆಗೆ ಉತ್ತರ ಕೊಟ್ಟಿಲ್ಲ.

ತೊಂದರೆ ಒಂದೇ: ಸ್ಕ್ರಿಪ್ಟು ನಡೆಯುತ್ತಿದ್ದದ್ದು ನನ್ನ ಹೆಸರಿನ ಲಾಗಿನ್ನಿನಲ್ಲಿ. ನಾನು ಎದ್ದು ಕೂತು ಗುಂಡಿ ಒತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಮಲವ್ವ ನಸುಕಿನಲ್ಲಿ ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕರೆಯುತ್ತಿರಲಿಲ್ಲ, ಬಾಗಿಲು ಬಡಿಯುತ್ತಿರಲಿಲ್ಲ, ತಲೆಯ ಮೇಲೆ ಸೆರಗು ಹೊದ್ದು ಸುಮ್ಮನೆ ನಿಂತಿರುತ್ತಿದ್ದಳು. ಹಿರಿಯರ ನಿದ್ದೆ ಕೆಡಿಸಬಾರದೆಂದು ಅವಳ ಭಾವನೆ. ಹಿರಿಯ ಒಳಗೆ ಗೊರಕೆ ಹೊಡೆಯುತ್ತಿದ್ದಾಗ ಅವಳ ಮನೆಯಲ್ಲಿ ಹೆಂಚು ಕಾದು ಕೂತಿರುತ್ತಿತ್ತು. ಒಮ್ಮೊಮ್ಮೆ ಸುಮಿತ್ರಾ ನೀರು ತುಂಬಲು ಎದ್ದು ಬಾಗಿಲು ತೆಗೆದು ನೋಡಿ ಬೆಚ್ಚಿಬೀಳುತ್ತಿದ್ದಳು, ಆಮೇಲೆ ಒಳಗೆ ಬಂದು ನನ್ನ ಹೊದಿಕೆ ಎಳೆಯುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು ನಿಜ. ಆದರೆ ಪ್ರಿಂಟ್ ತೆಗೆದು ಕೈಗೆ ಕೊಟ್ಟಾಗ ಅವಳು ‘ಭಾಳ ಉಪಕಾರ ಆತ್ರಿ ಕಾಕಾ’ ಎನ್ನುತ್ತಿದ್ದಳಲ್ಲ, ಅದರಲ್ಲಿ ಆ ನಾಚಿಕೆ ಕರಗಿಹೋಗುತ್ತಿತ್ತು. ರಿಟೈರ್ ಆದವನಿಗೆ ದಿನಕ್ಕೊಂದು ಉಪಕಾರ ಬಹಳ ದೊಡ್ಡ ಪೆನ್ಶನ್ನು.

ಹೀಗಿರುವಾಗ ಮುಂಡಗೋಡಿನಲ್ಲಿರುವ ಸುಮಿತ್ರಾಳ ತಂಗಿಯ ಮೊಣಕಾಲಿನ ಆಪರೇಶನ್ ಗೊತ್ತಾಯಿತು. ನಾವಿಬ್ಬರೂ ಹೋಗಿ ಕೆಲವು ದಿನ ಇದ್ದು ಬರಬೇಕು. ನಾವಿಲ್ಲದಾಗ ಸಂಖ್ಯೆ ತೆಗೆಯುವವರು ಯಾರು? ಮನೆಯ ಕೀಲಿ ಕಮಲವ್ವನ ಹತ್ತಿರ ಇರುವುದೇ ವಾಡಿಕೆ, ಅವಳೇ ಬಂದು ಗುಂಡಿ ಒತ್ತಲಿ ಎಂದಳು ಸುಮಿತ್ರಾ. ಹೊರಡುವುದಕ್ಕೆ ಎರಡು ದಿನ ಮೊದಲು, ಸಂಜೆ, ಕಮಲವ್ವನ ಹೆಸರಿನಲ್ಲಿ ಒಂದು ಲಾಗಿನ್ ಮಾಡಿದೆ. ಪಾಸ್ವರ್ಡು ‘ರೊಟ್ಟಿ’. ಅವಳನ್ನು ಕುರ್ಚಿಯಲ್ಲಿ ಕೂಡಿಸಿ, ಒತ್ತು ಎಂದೆ. ಒತ್ತಿದಳು. ಪರ್ಮಿಶನ್ ಡಿನೈಡ್. ಅವಳು ಸುಟ್ಟುಕೊಂಡವಳಂತೆ ಬೆರಳು ಹಿಂದೆ ತೆಗೆದುಕೊಂಡಳು. ತನ್ನಿಂದ ಏನೋ ಕೆಟ್ಟಿತೆಂದು ಅವಳ ಮುಖ ಸಣ್ಣದಾಯಿತು. ನಿನ್ನದೇನೂ ತಪ್ಪಿಲ್ಲ, ಸ್ಕ್ರಿಪ್ಟನ್ನು ಓಡಿಸುವ ಅನುಮತಿ ನನಗೊಬ್ಬನಿಗೇ ಇದೆ, ನಿನಗೂ ಕೊಡುತ್ತೇನೆ ಎಂದು ಕೊಟ್ಟೆ. ಮತ್ತೆ ಒತ್ತಿದಳು. ಡಿನೈಡ್. ಈಗ ಅದು ಇರುವ ಫೋಲ್ಡರಿನ ಒಳಗೆ ಕಾಲಿಡುವ ಅನುಮತಿ ಇಲ್ಲವಂತೆ. ಅದನ್ನೂ ಕೊಟ್ಟೆ. ಮತ್ತೆ ಡಿನೈಡ್. ಸಂಖ್ಯೆ ಬರೆದಿಡುವ ಕಡತದಲ್ಲಿ ಬರೆಯುವ ಅನುಮತಿ ಇಲ್ಲವಂತೆ. ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದ ಸುಮಿತ್ರಾ, ಬೇಕಾದದ್ದನ್ನೆಲ್ಲ ಒಮ್ಮೆಲೇ ಹೇಳಲು ಇದಕ್ಕೇನು ಧಾಡಿ ಎಂದು ಕೇಳಿದಳು. ಸರಕಾರಿ ಆಫೀಸಿನಲ್ಲಿ ಒಂದು ಝೆರಾಕ್ಸ್ ಕೊಟ್ಟರೆ ಇನ್ನೊಂದು ಕೇಳುತ್ತಾರಲ್ಲ, ಹಾಗೆಯೇ ಇದು ಎಂದೆ.

ನಿಜ ಹೇಳುತ್ತೇನೆ, ಇಷ್ಟು ಹೊತ್ತು ನಾನು ಶಾಸ್ತ್ರೋಕ್ತವಾಗಿಯೇ ನಡೆದುಕೊಂಡಿದ್ದೆ. ಬೇಕಾದಷ್ಟೇ ಅನುಮತಿ, ಬೇಕಾದವರಿಗಷ್ಟೇ. ಆದರೆ ಕಮಲವ್ವ ಪ್ರತಿ ಸಲ ಆ ಸಾಲು ಬಂದಾಗಲೂ ತಾನು ಬೇಡವಾದ ಕಡೆ ಬಂದು ಕೂತಂತೆ ಕುರ್ಚಿಯ ತುದಿಗೆ ಜರುಗುತ್ತಿದ್ದಳು. ಅದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು. ನಮ್ಮ ಮನೆಗೆ ಬಂದ ಹೆಣ್ಣುಮಗಳಿಗೆ ಬಾಗಿಲಲ್ಲೇ ನಿಲ್ಲು ಎನ್ನಲು ಇದು ಯಾವುದು? ಏಳುನೂರ ಎಪ್ಪತ್ತೇಳು ಹೊಡೆದೆ. ಆ ಫೋಲ್ಡರಿಗೆ, ಅದರೊಳಗಿನ ಫೋಲ್ಡರಿಗೆ, ಅದರೊಳಗಿನ ಪ್ರತಿ ಕಡತಕ್ಕೆ, ಒಂದನ್ನೂ ಬಿಡದೆ ಎಲ್ಲಕ್ಕೂ. ಲೋಕದಲ್ಲಿ ಯಾರು ಬೇಕಾದರೂ ಬರಲಿ, ಓದಲಿ, ಬರೆಯಲಿ, ಓಡಿಸಲಿ. ಹೊಡೆದು ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲೇ ನಾನು, ಇನ್ನು ಏನೂ ತಕರಾರಿಲ್ಲ ಕಮಲವ್ವಾ, ನಾಳೆ ನೀನೇ ಬಂದು ತೆಗೆದುಕೋ ಎಂದು ಅಭಯ ಕೊಟ್ಟೆ. ಅಂದು ಊಟ ಬಹಳ ರುಚಿಯಾಗಿತ್ತು.

ಮರುದಿನ ನಸುಕಿಗೆ ಕಮಲವ್ವ ಬಂದಳು. ಮೊದಲ ಸಲವಾದ್ದರಿಂದ ನಾವಿಬ್ಬರೂ ಎದ್ದು ನಿಂತಿದ್ದೆವು. ‘ರೊಟ್ಟಿ’ ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿ ಒಳಗೆ ಹೋದಳು, ಸ್ಕ್ರಿಪ್ಟಿನ ಗುಂಡಿ ಒತ್ತಿದಳು. ಪರದೆಯ ಮೇಲೆ ನಾಲ್ಕೈದು ಸಾಲು ಸರಸರ ಹರಿದು ಕೊನೆಗೊಂದು ಸಾಲು ನಿಂತಿತು: ‘ಕಾಕಾನನ್ನು ಕರೆಯಿರಿ.’ ಇದು ನಾನೇ ಬರೆದಿಟ್ಟದ್ದು. ಏನೇ ತಪ್ಪಾದರೂ ಕೊನೆಗೆ ಈ ಸಾಲು ಬರಲಿ ಎಂದು ಸ್ಕ್ರಿಪ್ಟಿನ ತುದಿಗೆ ಸೇರಿಸಿದ್ದೆ. ಕಾಕಾ ಪಕ್ಕದಲ್ಲೇ ಇದ್ದ, ಏನೂ ಉಪಯೋಗವಾಗಲಿಲ್ಲ. ಇನ್ನೂ ಎಲ್ಲಿಯೋ ಒಂದು ಬಾಗಿಲು ಮುಚ್ಚಿಕೊಂಡಿದೆ ಎಂದುಕೊಂಡು ಮತ್ತೊಮ್ಮೆ ಎಲ್ಲಕ್ಕೂ ಏಳುನೂರ ಎಪ್ಪತ್ತೇಳು ಹೊಡೆದೆ. ಅದೇ ಸಾಲು. ಮಶಿನನ್ನು ಬಂದ್ ಮಾಡಿ ಚಾಲೂ ಮಾಡಿದೆ. ಅದೇ ಸಾಲು. ಗೋಡೆಯಾಚೆಯಿಂದ ರೊಟ್ಟಿಯ ಇನ್ನಿಬ್ಬರು ಹೆಂಗಸರು, ಎಷ್ಟು ಹಿಟ್ಟು ನಾದೋಣ ಎಂದು ಕೂಗಿ ಕೇಳಿದರು. ಕಂಪ್ಯೂಟರನ್ನು ಬೈಯುತ್ತ ನಾನು ಮೂರನೆಯ ಸಲ ಏಳುನೂರ ಎಪ್ಪತ್ತೇಳಕ್ಕೆ ಕೈ ಹಾಕಿದಾಗ ಸುಮಿತ್ರಾ ಹಿಂದಿನಿಂದ ಕನ್ನಡಕ ಸರಿಮಾಡಿಕೊಂಡಳು. ಅವಳು ಅಮೃತಾಂಜನದ ಡಬ್ಬಿಯ ಮೇಲಿನ ಬರಹವನ್ನೂ ಪೂರ್ತಿ ಓದಿದ ಮೇಲೇ ಹಚ್ಚಿಕೊಳ್ಳುವವಳು.

“ಕಡೀಕಿನ ಸಾಲು ಒಂದ ಓದಿ ಬಯ್ಯಾಕ ಹತ್ತೀರಲ್ಲ,” ಎಂದಳು. “ಮ್ಯಾಗಿಂದ ಓದ್ರಿ.”

ಮೇಲಿನಿಂದ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಓದುತ್ತ ಓದುತ್ತ ನನ್ನ ಕಿವಿಗಳು ಬಿಸಿಯಾದವು. ನನ್ನ ಸ್ಕ್ರಿಪ್ಟಿನ ಪರವಾಗಿ ಟಪಾಲು ತರುವ ಪ್ರೋಗ್ರಾಮು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿತ್ತು: ಪಾಸ್ವರ್ಡ್ ಇರುವ ಈ ಕಡತ ಊರಿಗೆಲ್ಲ ತೆರೆದುಬಿದ್ದಿದೆ, ಇಂಥದ್ದನ್ನು ನಾನು ಮುಟ್ಟುವುದಿಲ್ಲ. ಅದು ಒಡೆಯನೊಬ್ಬನಿಗೇ ಕಾಣುವಂತಿರಬೇಕು, ಮತ್ತು ನನ್ನನ್ನು ಓಡಿಸುವವರೇ ಅದರ ಒಡೆಯರಾಗಿರಬೇಕು. ನೋಡಿ, ಅನುಮತಿ ಕಡಿಮೆಯಾಗಿದ್ದಕ್ಕಲ್ಲ, ಹೆಚ್ಚಾಗಿದ್ದಕ್ಕೆ ಅದು ಮುಷ್ಕರ ಹೂಡಿತ್ತು! ನಾನು ಕೊಟ್ಟಷ್ಟೂ ಅದರ ಸಿಟ್ಟು ಹೆಚ್ಚಾಗಿತ್ತು. ನನ್ನ ಜೀವಮಾನದ ಔದಾರ್ಯಕ್ಕೆ ಇಂಥ ಮಂಗಳಾರತಿ ಆಗುವುದೆಂದು ತಿಳಿದಿರಲಿಲ್ಲ. ಬೇಗ ಬೇಗ ಆ ಒಂದು ಕಡತವನ್ನು ಮುಚ್ಚಿದೆ: ಒಡೆಯ ಓದಬಹುದು, ಬರೆಯಬಹುದು, ಬೇರೆಯವರಿಗೆ ಏನೂ ಇಲ್ಲ. ಒತ್ತು ಕಮಲವ್ವಾ ಎಂದೆ. ಒತ್ತಿದಳು. ಪರ್ಮಿಶನ್ ಡಿನೈಡ್. ಇರಲೇಬೇಕಲ್ಲ, ಒಡೆಯ ನಾನು, ಓಡಿಸುತ್ತಿರುವವಳು ಅವಳು. ತೆರೆದಿಟ್ಟರೆ ತೆರೆದಿದೆ ಎಂದು ಅದು ಒಲ್ಲೆ ಎನ್ನುತ್ತದೆ, ಮುಚ್ಚಿದರೆ ಮುಚ್ಚಿದೆ ಎಂದು ಅವಳಿಗೆ ಸಿಗುವುದಿಲ್ಲ. ಕಿಟಕಿಯಲ್ಲಿ ಬೆಳಕು ಬಂದಿತ್ತು. ಇನ್ನು ಹೆಚ್ಚು ತಡವಾದರೆ ಹತ್ತರ ಬಸ್ಸು ಖಾಲಿ ಹೋಗುತ್ತದೆ, ಈರಪ್ಪಣ್ಣ ಹೇಳಿದ ಹಾಗೆ ಮಾಡುವ ಮನುಷ್ಯ.

ಆಗ ನನಗೆ ಸುಲಭದ ದಾರಿ ಹೊಳೆಯಿತು. ಕಡತ ನನ್ನ ಹೆಸರಿನಲ್ಲಿದೆ, ಮುಚ್ಚಿಯೂ ಆಗಿದೆ. ನನ್ನ ಲಾಗಿನ್ನಿನಲ್ಲಿ ನಾನೇ ಓಡಿಸಿದರೆ ಎಂದಿನ ಹಾಗೆ ಕ್ಷಣದಲ್ಲಿ ಸಂಖ್ಯೆ ಕೈಗೆ ಬರುತ್ತದೆ. ಏಳು ಕಮಲವ್ವಾ, ನಾನೇ ತೆಗೆದುಕೊಡುತ್ತೇನೆ ಎಂದೆ. ಅವಳು ಏಳಲಿಲ್ಲ. ನನ್ನ ಮಾತಿಗೆ ಎದುರು ನಿಂತವಳಲ್ಲ ಅವಳು. ಕೀಲಿಮಣೆಯನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

“ಇವತ್ತ ನೀವು ತಗದು ಕೊಡತೀರಿ ಕಾಕಾ. ನಾಡದ್ದರಿಂದ ನಾ ಯಾರ ಬಾಗಲಕ್ಕ ಹೋಗಿ ನಿಂದರ್ಲಿ?”

ಇಷ್ಟು ದಿನ ನಸುಕಿನ ಥಂಡಿಯಲ್ಲಿ ನಿಂತು ಅವಳು ಏನೆಂದುಕೊಳ್ಳುತ್ತಿದ್ದಳೋ, ಒಮ್ಮೆಯೂ ನನಗೆ ಕೇಳಬೇಕೆನಿಸಿರಲಿಲ್ಲ. ಈಗಲೂ ನನ್ನ ತಲೆ ಬೇರೆ ದಾರಿ ಹುಡುಕುತ್ತಲೇ ಇತ್ತು. ಕಡತದ ಎರಡು ಪ್ರತಿ ಮಾಡಿ, ನನ್ನ ಹೆಸರಿನಲ್ಲೊಂದು, ಅವಳ ಹೆಸರಿನಲ್ಲೊಂದು ಇಟ್ಟರೆ? ಅದೂ ಕೂಡದು. ಆ ಅಗ್ಗದ ಡಬ್ಬಿಯಿಂದ ಟಪಾಲನ್ನು ಒಬ್ಬರು ಒಮ್ಮೆ ತಂದರೆ ಮುಗಿಯಿತು, ಅಲ್ಲಿ ಉಳಿಯುವುದಿಲ್ಲ. ನಾನು ಒಂದು ದಿನ ಹುರುಪಿನಲ್ಲಿ ಮೊದಲು ಎದ್ದು ತಂದುಬಿಟ್ಟರೆ ಅವಳ ಪಾಲಿಗೆ ಖಾಲಿ. ನನ್ನ ಹುರುಪಿನ ಮೇಲೆ ನನಗೆ ನಂಬಿಕೆ ಇಲ್ಲ. ಹಾಗಾದರೆ ಒಡೆತನ ಒಬ್ಬರದೇ. ಸುಮಿತ್ರಾ ಗಡಿಯಾರ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

ಆಯಿತು, ಇದೆಲ್ಲವನ್ನೂ ನಿನ್ನ ಹೆಸರಿಗೆ ಮಾಡಿಬಿಡುತ್ತೇನೆ ಎಂದೆ. ಸ್ಕ್ರಿಪ್ಟು, ಫೋಲ್ಡರು, ಪಾಸ್ವರ್ಡಿನ ಕಡತ, ಎಲ್ಲ. ಆಮೇಲೆ ನನಗೂ ಅದು ತೆರೆಯುವುದಿಲ್ಲ, ನೀನೇ ತೆಗೆಯಬೇಕು. ಕಮಲವ್ವ ಈಗ ಕೀಲಿಮಣೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು.

“ನನ್ನ ಹೆಸರಿಲೆ ಏನ್ರಿ?” ಎಂದಳು. “ಮನಿ ನಮ್ಮ ಮಾವನ ಹೆಸರಿಲೆ ಐತಿ. ಗ್ಯಾಸು ಮೈದುನನ ಹೆಸರಿಲೆ ಐತಿ. ಇಲ್ಲೀತನಾ ನನ್ನ ಹೆಸರಿಲೆ ಏನೂ ಇದ್ದಿಲ್ರಿ ಕಾಕಾ.”

ಅದನ್ನು ಅವಳು ದೂರಿನಂತೆ ಹೇಳಲಿಲ್ಲ, ಇದ್ದದ್ದನ್ನು ಹೇಳಿದಂತೆ ಹೇಳಿದಳು. ಊರಿನ ಎರಡು ಎಕರೆ ಹೊಲವನ್ನು ಅಪ್ಪನ ಹೆಸರಿನಿಂದ ನಮ್ಮ ಹೆಸರಿಗೆ ಮಾಡಿಸಲು ಹಳಿಯಾಳದ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಿದವನು ನಾನು. ಇಲ್ಲಿ ಅರ್ಧ ಸಾಲಿನ ಆಜ್ಞೆ. ಯಾರ ಬೀಗವನ್ನಾದರೂ ತೆರೆಯುವ, ಮಶಿನಿನ ದೊಡ್ಡ ಪಾಸ್ವರ್ಡ್ ಕೊಟ್ಟು ಆ ಅರ್ಧ ಸಾಲು ಬರೆದೆ. ಎಂಟರ್ ಒತ್ತುವ ಮುಂಚೆ ಬೆರಳು ಯಾಕೋ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು, ಅದನ್ನು ಸುಮಿತ್ರಾ ನೋಡಿದಳೆಂದು ಗೊತ್ತಾಗಿ ತಟ್ಟನೆ ಒತ್ತಿದೆ. ಆಮೇಲೆ ಕಮಲವ್ವ ತನ್ನ ಗುಂಡಿ ಒತ್ತಿದಳು. ಪರದೆ ಏನೂ ಹೇಳಲಿಲ್ಲ. ಲಿನಕ್ಸಿನಲ್ಲಿ ಏನೂ ಹೇಳಲಿಲ್ಲವೆಂದರೆ ಕೆಲಸ ಆಯಿತೆಂದು ಅರ್ಥ. ಪ್ರಿಂಟರು ಕೆಮ್ಮಿ, ಗೊಣಗಿ, ಕಾಗದ ಎಳೆದುಕೊಂಡು, ಇವತ್ತಿನ ಜೋಳ ಎಷ್ಟು, ಸಜ್ಜಿ ಎಷ್ಟು ಎಂದು ದಪ್ಪ ಅಕ್ಷರದಲ್ಲಿ ಹೊರಹಾಕಿತು. ಕಮಲವ್ವ ಅದನ್ನು ಕಿತ್ತುಕೊಂಡು ನಡುಮನೆಯಲ್ಲಿ ಓಡಿದ ರಭಸಕ್ಕೆ ನಮ್ಮ ಕಾಲೊರಸು ಹಿತ್ತಲ ತನಕ ಹೋಗಿತ್ತು. ಎಂದಿನ ‘ಉಪಕಾರ ಆತ್ರಿ’ ಅವತ್ತು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು, ಮೂರು ಕೈಗಳದ್ದು, ಜೋರಾಗಿ.

ಬಸ್ಸು ಸಿಕ್ಕಿತು. ಬುಟ್ಟಿಗಳನ್ನು ಕಂಡಕ್ಟರು ಡ್ರೈವರನ ಹಿಂದಿನ ಜಾಗದಲ್ಲಿ ಇಟ್ಟುಕೊಂಡನಂತೆ. ಸಂಜೆಯ ತನಕ ಈರಪ್ಪಣ್ಣನಿಂದ ಬೈಗುಳದ ಫೋನು ಬರಲಿಲ್ಲ, ಅವನ ಲೆಕ್ಕದಲ್ಲಿ ಅದು ದೊಡ್ಡ ಮೆಚ್ಚುಗೆ. ನಾನು ಮಾತ್ರ ಮಧ್ಯಾಹ್ನ ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದೆ. ಹುಬ್ಬಳ್ಳಿಯವರಿಗೆ ಕೇಳಿದರೆ ಸ್ವಲ್ಪ ಹೆಚ್ಚಿನ ಬೆಲೆಯ ಡಬ್ಬಿ ಕೊಡುತ್ತಾರೆ, ಅದರಲ್ಲಿ ಇಬ್ಬರೂ ನೋಡಬಹುದು, ನನ್ನ ಹತ್ತಿರವೂ ಒಂದು ಪ್ರತಿ ಇದ್ದರೆ ಒಳ್ಳೆಯದು ಎಂದೆ. ಯಾಕೆ ಬೇಕು ಎಂದು ಕೇಳಿದಳು ಸುಮಿತ್ರಾ. ಏನಾದರೂ ತೊಂದರೆ ಬಂದರೆ ಎಂದೆ. ಬಂದರೆ ಅವಳು ಕರೆಯುತ್ತಾಳೆ ಎಂದಳು. ಒಂದು ಕಣ್ಣಿಟ್ಟಿರಬೇಕಲ್ಲ ಎಂದೆ. ಯಾರ ಮೇಲೆ ಎಂದು ಕೇಳಿ, ಸಾರಿನ ಸೌಟು ಹಿಡಿದುಕೊಂಡೇ ಉತ್ತರಕ್ಕೆ ಕಾದಳು. ನಾನು ಇನ್ನಷ್ಟು ಅನ್ನ ಹಾಕಿಸಿಕೊಂಡೆ.

ಸಂಜೆ ನಾವು ಬ್ಯಾಗಿನ ಜಿಪ್ಪು ಹಾಕಲು ಒದ್ದಾಡುತ್ತಿದ್ದಾಗ ಕಮಲವ್ವ ಬಂದಳು. ನಾಳೆ ಬೆಳಗಿನ ಬಸ್ಸಿಗೆ ನಾವು ಮುಂಡಗೋಡಿಗೆ ಹೊರಡಬೇಕು, ಕೀಲಿ ಒಯ್ಯಲು ಬಂದಿರಬೇಕೆಂದುಕೊಂಡೆ. ಕೀಲಿ ತೆಗೆದುಕೊಂಡ ಮೇಲೂ ನಿಂತೇ ಇದ್ದಳು. ಪಾಸ್ವರ್ಡ್ ಬದಲಿಸುವುದು ಹೇಗೆ ಎಂದು ಕೇಳಿದಳು. ‘ರೊಟ್ಟಿ’ ಎಂಬುದು ನನಗೆ ಗೊತ್ತು, ಸುಮಿತ್ರಾಳಿಗೆ ಗೊತ್ತು, ಬೆಳಿಗ್ಗೆ ನಾನು ಕೂಗಿ ಕೂಗಿ ಹೇಳಿಕೊಟ್ಟದ್ದರಿಂದ ಗೋಡೆಯಾಚೆಯವರಿಗೂ ಗೊತ್ತು. ಒಡೆಯರಿಗೊಬ್ಬರಿಗೇ ಗೊತ್ತಿರಬೇಕೆಂದು ಮಶಿನು ಹೇಳಿತಲ್ಲ ಎಂದಳು. ನನಗೆ ಹಿಗ್ಗೋ ಹಿಗ್ಗು. ಒಳ್ಳೆಯ ಶಿಷ್ಯೆ ಸಿಕ್ಕ ಮಾಸ್ತರನ ಠೀವಿಯಲ್ಲಿ ಪಾಠ ಶುರುಮಾಡಿದೆ. ಪಾಸ್ವರ್ಡ್ ಉದ್ದ ಇರಬೇಕು, ಮಕ್ಕಳ ಹೆಸರು ಬೇಡ, ಊರಿನ ಹೆಸರು ಬೇಡ, ಫಕ್ಕೀರಪ್ಪನಿಗೂ ಹೇಳಬೇಡ, ಯಾರಿಗೂ ಎಂದರೆ ಯಾರಿಗೂ ಹೇಳಬೇಡ. ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಿದೆ: ದೊಡ್ಡ ಪಾಸ್ವರ್ಡ್ ನನ್ನ ಹತ್ತಿರ ಇರುವುದರಿಂದ ಮನಸ್ಸು ಮಾಡಿದರೆ ನಾನು ಒಳಗೆ ಇಣುಕಬಹುದು. ಅವಳು ನಕ್ಕಳು. ನೀವು ಹಾಗೆಲ್ಲ ನೋಡುವವರಲ್ಲ ಬಿಡಿ ಕಾಕಾ ಎಂದಳು. ಆ ಮಾತಿಗೆ ನನ್ನ ಕಣ್ಣು ತೇವವಾಯಿತೆಂದರೆ ಸುಳ್ಳಲ್ಲ.

ಹೊಸ ಪಾಸ್ವರ್ಡ್ ಕೇಳುವ ಸಾಲು ಪರದೆಯ ಮೇಲೆ ಬಂತು. ಅವಳು ಕುರ್ಚಿಯಲ್ಲಿ ಪೂರ್ತಿ ಹಿಂದೆ ಸರಿದು ಆರಾಮವಾಗಿ ಕೂತು ಬೆರಳು ಚಾಚಿದಳು. ಅಕ್ಷರ ಎಲ್ಲಿದೆ ಎಂದು ತೋರಿಸಲು ನಾನು ಅವಳ ಹೆಗಲ ಮೇಲಿಂದ ಬಗ್ಗಿ ನಿಂತಿದ್ದೆ. ಬೆರಳು ಅಲ್ಲೇ ನಿಂತಿತು.

“ಬ್ಯಾಸರಾ ಮಾಡ್ಕೋಬ್ಯಾಡ್ರಿ ಕಾಕಾ,” ಎಂದಳು. “ಸ್ವಲ್ಪ ಆ ಕಡೆ ಮಾರಿ ಮಾಡ್ರಿ.”

ನನ್ನ ಮನೆಯಲ್ಲಿ, ನನ್ನ ಕಂಪ್ಯೂಟರಿನ ಮುಂದೆ, ನಾನೇ ಕಲಿಸಿದ ಪಾಠಕ್ಕೆ ತಲೆಬಾಗಿ ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಹಿಂದೆ ಕೀಲಿಮಣೆ ಒಂದೊಂದೇ ಸದ್ದು ಮಾಡತೊಡಗಿತು. ಟಕ್. ಸ್ವಲ್ಪ ಹೊತ್ತು ಹುಡುಕಾಟ. ಟಕ್. ಮತ್ತೆ ಹುಡುಕಾಟ. ನಾನು ಕೈಕಟ್ಟಿಕೊಂಡು ಗೋಡೆಯ ಸುಣ್ಣವನ್ನೇ ದಿಟ್ಟಿಸುತ್ತಿದ್ದೆ. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಸುಮಿತ್ರಾ ಪ್ರತಿ ಟಕ್ಕಿಗೂ ನನ್ನ ತುಟಿ ಅಲುಗುವುದನ್ನು ಗಮನಿಸಿರಬೇಕು.

“ಎಣಸಬ್ಯಾಡ್ರಿ,” ಎಂದಳು.